ಮಾಫಿ ಹಾಕಿದ ಸಾಲು

ಫಿನಾಯಿಲ್ ವಾಸನೆ ಬಂದರೆ ಬೇರೆಯವರಿಗೆ ಆಸ್ಪತ್ರೆ ನೆನಪಾಗುತ್ತದೆ, ನನಗೆ ಸಿಟ್ಟು ನೆನಪಾಗುತ್ತದೆ. ಮೊನ್ನೆ ಖಾನಾಪುರದ ಆ ಚಿಕ್ಕ ಆಸ್ಪತ್ರೆಯ ಮೆಟ್ಟಿಲು ಹತ್ತಿ ಪಡಸಾಲೆಗೆ ಕಾಲಿಟ್ಟೆ. ಗೋಡೆಗುಂಟ ಒಣಗಲು ಬಿಚ್ಚಿಟ್ಟ ಛತ್ರಿಗಳು, ನೆಲ ಒರೆಸಿದ ಫಿನಾಯಿಲ್ಲು, ತೊಯ್ದ ಬಟ್ಟೆಯ ಮುಗ್ಗಲು ವಾಸನೆ ಎಲ್ಲ ಸೇರಿ ಮೂಗಿಗೆ ಬಡಿದದ್ದೇ ತಡ, ಹೋದ ವರ್ಷದ ಮಳೆಗಾಲ ಪೂರ್ತಿ ಬಂದು ಎದೆಯ ಮೇಲೆ ಕೂತಿತು. ಅಂಥ ಹಾಳು ಮಳೆಗಾಲ ಇನ್ನೊಂದು ನನ್ನ ಪಾಲಿಗೆ ಬರುವುದು ಬೇಡಪ್ಪ.

ನಾನು ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವವಳು. ಬೆಳಗಾವಿಯ ಸದಾಶಿವನಗರದಲ್ಲಿ ಹಳೆಯ ಮನೆಯೊಂದರ ಮೊದಲನೇ ಮಹಡಿ ನಮ್ಮ ಆಫೀಸು. ಕೆಳಗೆ ಹಿಟ್ಟಿನ ಗಿರಣಿ. ಹಾಗಾಗಿ ನಮ್ಮ ಕೀಬೋರ್ಡಿನ ಸಂದಿಯಲ್ಲೆಲ್ಲ ಜೋಳದ ಹಿಟ್ಟು. ಆಫೀಸಿನಲ್ಲಿ ನಾವು ಮೂರೇ ಜನ. ಮಾಲೀಕರು ಜಿನದತ್ತ ಕಾಕಾ. ಸಂಬಂಧದಲ್ಲಿ ನನಗೆ ಏನೂ ಆಗಬೇಕಿಲ್ಲ, ಆದರೆ ಓಣಿಗೆಲ್ಲ ಅವರು ಕಾಕಾನೇ. ಇನ್ನೊಬ್ಬ ಪ್ರವೀಣ, ಖಾನಾಪುರದವನು, ಮನೆಮಾತು ಮರಾಠಿ, ಬೈಯುವುದು ಮಾತ್ರ ಕನ್ನಡದಲ್ಲಿ. ಸಣ್ಣ ಆಸ್ಪತ್ರೆಗಳಿಗೆ ಬೇಕಾದ ಪ್ರೋಗ್ರಾಮು ನಮ್ಮ ಕಸುಬು. ಖಾನಾಪುರದ ಈ ಆಸ್ಪತ್ರೆಗೆ ಮಾಡಿಕೊಟ್ಟದ್ದು ಡಯಾಲಿಸಿಸ್ ಪಾಳಿಯ ಪ್ರೋಗ್ರಾಮು. ಕಿಡ್ನಿ ಕೆಟ್ಟವರು ವಾರಕ್ಕೆ ಎರಡು ಸಲ ಬಂದು ಯಂತ್ರದ ಪಕ್ಕ ಮಲಗಿ ರಕ್ತ ಶುದ್ಧ ಮಾಡಿಸಿಕೊಂಡು ಹೋಗಬೇಕು. ಯಂತ್ರ ಕಡಿಮೆ, ಜನ ಜಾಸ್ತಿ. ಯಾರಿಗೆ ಯಾವ ದಿನ ಎಂದು ನಮ್ಮ ಪ್ರೋಗ್ರಾಮ್ ಹಂಚುತ್ತದೆ, ಅವರವರ ಫೋನಿಗೆ ಮೆಸೇಜ್ ಕಳಿಸುತ್ತದೆ. ಪಾಳಿ ತಪ್ಪಿತೆಂದರೆ ಮೈಯಲ್ಲಿ ನೀರು ತುಂಬುತ್ತದೆ, ಉಸಿರು ಕಟ್ಟುತ್ತದೆ. ಇಷ್ಟು ಗೊತ್ತಿದ್ದೂ ನಾವು ಜಗಳ ಆಡಿದ್ದು ಯಾವುದರ ಮೇಲೆ ಅಂತೀರಿ?

ಆ ಪ್ರೋಗ್ರಾಮನ್ನು ಕಾಕಾ ತಾವೊಬ್ಬರೇ ಕೂತು ವರ್ಷಾನುಗಟ್ಟಲೆ ಬರೆದವರು. ಅವರು ಬಳಸಿದ ಹಳೆಯ ಭಾಷೆಯಲ್ಲಿ ಒಂದು ಕೆಲಸವನ್ನು ಎರಡು ರೀತಿ ಹೇಳಬಹುದು. ‘ಪ್ರವೀಣ, ಚಹಾ ಕೊಡು’ ಎನ್ನುವ ಹಾಗೆ ಮೊದಲು ಮಾಡುವವನನ್ನು ಕರೆದು ಆಮೇಲೆ ಕೆಲಸ ಹೇಳುವುದು ಒಂದು. ‘ಚಹಾ ಕೊಡು ಪ್ರವೀಣ’ ಎಂದು ಕೆಲಸವನ್ನು ಮೊದಲು ಒದರುವುದು ಇನ್ನೊಂದು. ಮನುಷ್ಯರಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಅಲ್ಲ. ಎರಡನೆಯ ರೀತಿ ಬರೆದರೆ, ಚಹಾ ಕೊಡಬೇಕಾದವನು ಪ್ರವೀಣನೋ ಅಥವಾ ಪ್ರವೀಣನಿಗೆ ಬೇರೆ ಯಾರಾದರೂ ಚಹಾ ಕೊಡಬೇಕೋ ಎಂದು ಅದು ಆಸುಪಾಸು ನೋಡಿ ಊಹೆ ಮಾಡುತ್ತದೆ. ಆಸುಪಾಸು ಬದಲಾದರೆ ಊಹೆಯೂ ಬದಲಾಗುತ್ತದೆ. ನಿನ್ನೆಯವರೆಗೆ ಸರಿಯಿದ್ದ ಸಾಲು, ಅದರ ಒಂದಕ್ಷರವನ್ನೂ ಯಾರೂ ಮುಟ್ಟದಿದ್ದರೂ, ಇವತ್ತು ಬೇರೆಯದೇ ಕೆಲಸ ಮಾಡಿ ಕೂರಬಹುದು. ಕೇಳಿದರೆ ತಪ್ಪು ಎಂದೂ ಹೇಳುವುದಿಲ್ಲ. ಕಾಕಾಗೆ ಈ ಎರಡನೆಯ ರೀತಿಯೇ ಪ್ರೀತಿ. ಪ್ರೋಗ್ರಾಮಿನ ತುಂಬ ಅದೇ.

ಜೂನ್ ತಿಂಗಳಲ್ಲಿ, ಮಳೆ ಹಿಡಿದ ಹೊಸತರಲ್ಲಿ, ನಾನೊಂದು ಚೆಕ್ಕರ್ ತಂದು ಕೂರಿಸಿದೆ. ಸ್ಟ್ಯಾಟಿಕ್ ಅನಾಲಿಸಿಸ್ ಎನ್ನುತ್ತಾರೆ. ಪ್ರೋಗ್ರಾಮನ್ನು ಓಡಿಸಿ ನೋಡುವುದಿಲ್ಲ, ಸುಮ್ಮನೆ ಓದುತ್ತದೆ. ಓದುತ್ತ ಓದುತ್ತ, ಎರಡು ಅರ್ಥಕ್ಕೆ ದಾರಿ ಮಾಡುವ ಸಾಲು ಸಿಕ್ಕಿದರೆ ಗುರುತು ಹಾಕುತ್ತದೆ. ಗುರುತು ಇರುವವರೆಗೆ ಹೊಸ ಪ್ರೋಗ್ರಾಮು ಆಸ್ಪತ್ರೆಗೆ ಹೋಗದಂತೆ ಬಾಗಿಲು ಹಾಕಿಟ್ಟೆ. ಮೊದಲ ದಿನ ಓಡಿಸಿದಾಗ ಸ್ಕ್ರೀನಿನ ಮೇಲೆ ಕೆಂಪು ಅಕ್ಷರ ಇಳಿಯುತ್ತಲೇ ಇತ್ತು, ನಿಲ್ಲಲೊಲ್ಲದು. ಕಾಕಾ ಕನ್ನಡಕ ಏರಿಸಿ ನೋಡಿದರು.

"ಏನಬೇ ತ್ರಿಶಲಾ ಇದು? ನನ್ನ ಮಾರಿಗೆ ಮಸಿ ಬಳದಂಗ ಐತಲ್ಲ."

"ನಿಮಗಲ್ರೀ ಕಾಕಾ, ಲೈನಿಗೆ ಗುರ್ತ ಹಾಕೇತಿ."

"ಲೈನ್ ಬರದಾಂವ ಯಾಂವ? ನಾ ಅಲ್ಲೇನ? ಇಷ್ಟ ವರ್ಷ ಓಡೇತಿ. ಒಂದ ದಿನಾರ ನಿಂತೈತೇನ ಹೇಳ."

"ಓಡೇತಿ, ಖರೇ. ಆದ್ರ ಅದು ನಮ್ಮ ನಸೀಬದ ಮ್ಯಾಲ ಓಡೇತಿ ರೀ."

ಈ ಮಾತು ಅವರಿಗೆ ನಾಟಿತು. ಮರುದಿನ ಬಂದವರು ಚೆಕ್ಕರಿನ ಪುಸ್ತಕ ಪೂರ್ತಿ ಓದಿಕೊಂಡು ಬಂದಿದ್ದರು. ಒಳ್ಳೆಯದಾಯಿತು ಅಂದುಕೊಂಡೆ. ಎಲ್ಲಿಯ ಒಳ್ಳೆಯದು! ಅದರಲ್ಲಿ ಅವರು ಹುಡುಕಿದ್ದು ಒಂದೇ ಒಂದು ಸವಲತ್ತು. ಯಾವುದಾದರೂ ಸಾಲಿನ ಕೊನೆಯಲ್ಲಿ ಒಂದು ಸಣ್ಣ ಟಿಪ್ಪಣಿ ಬರೆದರೆ ಚೆಕ್ಕರ್ ಆ ಸಾಲನ್ನು ಓದದೆ ಮುಂದೆ ಹೋಗುತ್ತದೆ. ಅಪರೂಪಕ್ಕೆ ಬೇಕಾಗುತ್ತದೆಂದು ಇಟ್ಟದ್ದು ಅದು. ಕಾಕಾ ಅದಕ್ಕೆ ಮಾಫಿ ಎಂದು ಹೆಸರಿಟ್ಟು, ಸಿಕ್ಕ ಸಿಕ್ಕ ಸಾಲಿಗೆಲ್ಲ ಮಾಫಿ ಹಾಕುತ್ತ ಕೂತರು. ಒಂದೊಂದನ್ನು ತಿದ್ದುವ ಶ್ರಮಕ್ಕಿಂತ ಅದಕ್ಕೇ ಹೆಚ್ಚು ಶ್ರಮ ಪಟ್ಟರು, ಆ ಹಟಕ್ಕೆ ಏನೆನ್ನಬೇಕು! ಪ್ರವೀಣನೂ ಅದನ್ನೇ ಕಲಿತ. ಚೆಕ್ಕರಿಗೆ ಅವನು ಸಾಸೂಬಾಯಿ ಎಂದು ಕರೆಯುತ್ತಿದ್ದ, ಮರಾಠಿಯಲ್ಲಿ ಅತ್ತೆ. "ಸಾಸೂಬಾಯಿ ಇವತ್ತೂ ಬೈದ್ಲು ನೋಡ್ರೀ ಕಾಕಾ" ಅನ್ನುವುದು, "ಒಂದ ಮಾಫಿ ಹಾಕಿ ಒಗಿಯೋ" ಎಂದು ಕಾಕಾ ಅನ್ನುವುದು, ಇಬ್ಬರೂ ನಗುವುದು. ನಾನು ಹಲ್ಲು ಕಚ್ಚಿಕೊಂಡು ಕೂರುವುದು.

ಆ ಜುಲೈ, ಆ ಆಗಸ್ಟ್ ಹೇಗೆ ಕಳೆದೆನೋ. ಹಿಂಡಲಗಾದ ನಮ್ಮ ಮನೆಯಿಂದ ಸ್ಕೂಟಿಯ ಮೇಲೆ ಹೊರಟರೆ ಜೈಲಿನ ಗೋಡೆ ದಾಟುವುದರೊಳಗೆ ರೇನ್‌ಕೋಟಿನ ಒಳಗೂ ತೊಯ್ದು ತೊಪ್ಪೆ. ದಿನಾ ಬೆಳಿಗ್ಗೆ ಒದ್ದೆ ಕಾಲುಚೀಲದಲ್ಲಿ ಕೂತು, ದಿನಾ ಅದೇ ಜಗಳ. ಕರೆಂಟ್ ಹೋಗುವುದು, ಗಿರಣಿ ನಿಲ್ಲುವುದು, ಆ ನಿಶ್ಶಬ್ದದಲ್ಲಿ ನನ್ನ ದನಿಯೊಂದೇ ದೊಡ್ಡದಾಗಿ ಕೇಳುವುದು. "ತಿದ್ದೂಣು ರೀ ಕಾಕಾ, ದಿನಾ ನಾಕ ತಿದ್ದೂಣು" ಎಂದರೆ, "ಮಳಿಗಾಲ ಮುಗೀಲಿ" ಎನ್ನುವರು. ಮಳೆಗೂ ಅದಕ್ಕೂ ಏನು ಸಂಬಂಧ? ಸಂಜೆ ಮನೆಗೆ ಬಂದು ಅವ್ವನ ಮೇಲೆ ಸುಮ್ಮಸುಮ್ಮನೆ ಒದರಾಡುತ್ತಿದ್ದೆ. "ನಿಮ್ಮ ಆಫೀಸಿನ ಸಿಟ್ಟ ಆಫೀಸಿನ್ಯಾಗ ಇಟ್ಟ ಬಾರವಾ" ಎಂದು ಅವ್ವ ಮುಖ ತಿರುವುತ್ತಿದ್ದಳು. ಕೆಲಸ ಬಿಟ್ಟೇಬಿಡಬೇಕೆಂದು ಎಷ್ಟು ಸಲ ಅಂದುಕೊಂಡೆನೋ. ಬಿಡಲಾಗಲಿಲ್ಲ, ಯಾಕೆಂದರೆ ಕಾಕಾ ಕೆಟ್ಟವರಲ್ಲ. ನನಗೆ ಕೆಲಸ ಕಲಿಸಿದವರೇ ಅವರು. ಕೆಟ್ಟವರಾಗಿದ್ದರೆ ಬೈದು ಎದ್ದು ಹೋಗುವುದು ಎಷ್ಟು ಸುಲಭವಿತ್ತು!

ಅವರಲ್ಲಿ ಒಂದು ಒಳ್ಳೆಯ ಪದ್ಧತಿ ಇತ್ತು. ಹೊಸದೇನಾದರೂ ಆಸ್ಪತ್ರೆಗೆ ಹಾಕಿದ ಮೇಲೆ ತಮ್ಮದೇ ಹೆಸರನ್ನು ರೋಗಿ ಎಂದು ಸೇರಿಸಿ, ಪಾಳಿ ಕೊಟ್ಟು, ನಂಬರ್ ಬದಲಿಸಿ, ಪಾಳಿ ತೆಗೆದು, ಪ್ರತಿಯೊಂದಕ್ಕೂ ತಮ್ಮ ಫೋನಿಗೆ ಬರುವ ಮೆಸೇಜ್ ಓದಿ ನೋಡಿಯೇ ಏಳುವರು. ಹಾಕುವ ಹೊತ್ತು ಯಾವಾಗಲೂ ಸಂಜೆ, ಆಸ್ಪತ್ರೆಯ ಗದ್ದಲ ಇಳಿದ ಮೇಲೆ. ಬೇಸಿಗೆಯಲ್ಲಿ ಇದು ಸರಿ. ಆದರೆ ಮಳೆಗಾಲದಲ್ಲಿ ಚಾತುರ್ಮಾಸ ಬರುತ್ತದೆ. ಕಾಕಾ ಆ ನಾಲ್ಕು ತಿಂಗಳು ಹೊತ್ತು ಮುಳುಗಿದ ಮೇಲೆ ಒಂದು ಗುಟುಕು ನೀರನ್ನೂ ಮುಟ್ಟುವವರಲ್ಲ. ಮನೆಯಿಂದ ಬಂದ ಡಬ್ಬಿಯನ್ನು ಸಂಜೆ ಆಫೀಸಿನಲ್ಲೇ ಬಿಚ್ಚಿ, ಚಪಾತಿ, ಹೆಸರುಬೇಳೆ ಉಂಡು ಕೈತೊಳೆಯುವರು. ಅವರ ನೇಮದ ಬಗ್ಗೆ ನಾನು ಒಂದು ಮಾತೂ ಆಡುವುದಿಲ್ಲ, ನಮ್ಮ ಅವ್ವನದೂ ಅದೇ ನೇಮ. ನಾನು ಹೇಳುತ್ತಿದ್ದದ್ದು ಒಂದೇ, ಈ ನಾಲ್ಕು ತಿಂಗಳಾದರೂ ಹಾಕುವ ಕೆಲಸ ಮುಂಜಾನೆ ಇಟ್ಟುಕೊಳ್ಳೋಣ ಎಂದು. ಮೊದಲಿಂದ ಸಂಜೆಯೇ ರೂಢಿ, ಸಂಜೆಯೇ ಇರಲಿ ಎನ್ನುವರು. ರೂಢಿ ಎಂಬ ಶಬ್ದ ಕೇಳಿದರೇ ನನಗೆ ಮೈ ಉರಿಯುವ ಹಾಗಾಗಿತ್ತು.

ಆಗಸ್ಟಿನ ಒಂದು ಗುರುವಾರ ಖಾನಾಪುರದಿಂದ ರೋಜಿ ಸಿಸ್ಟರ್ ಫೋನು. ಡಯಾಲಿಸಿಸ್ ವಿಭಾಗ ಪೂರ್ತಿ ಅವರ ಮೇಲೆಯೇ ನಡೆಯುತ್ತದೆ. ತಂಪಿಗೆ ಒಂದು ಯಂತ್ರ ಕೆಟ್ಟು ನಿಂತಿದೆ, ಅದರ ಮೇಲಿನ ರೋಗಿಗಳನ್ನೆಲ್ಲ ಬೇರೆ ದಿನಕ್ಕೆ ಹಾಕಿ ಅವರಿಗೆ ಮೆಸೇಜ್ ಕಳಿಸುವ ವ್ಯವಸ್ಥೆ ಇವತ್ತೇ ಬೇಕು ಎಂದರು. ಪ್ರವೀಣ ಊಟ ಬಿಟ್ಟು ಬರೆದ. ತಾನು ಬರೆದ ಹೊಸ ತುಂಡಿಗೆ ‘ಬದಲಿಸು’ ಎಂದು ಹೆಸರಿಟ್ಟ. ಚೆಕ್ಕರ್ ಬಾಯಿಬಿಡಲಿಲ್ಲ, ಅವನು ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ಸಂಜೆ ಆಗುವುದರೊಳಗೆ ಸಿದ್ಧವಾಯಿತು. ಆದರೆ ಹೊರಗೆ ಮೋಡ ಕವಿದು, ಇನ್ನೂ ಹೊತ್ತು ಇರುವಾಗಲೇ ಕತ್ತಲು ಬಿದ್ದಂತೆ ಆಗಿತ್ತು. ಕಾಕಾ ಕಿಟಕಿಯ ಕಡೆ ನೋಡಿದರು, ಡಬ್ಬಿಯ ಕಡೆ ನೋಡಿದರು.

"ಹಾಕಿಬಿಡೋ ಪ್ರವೀಣ. ಹೊತ್ತ ಮುಳಗಾಕ ಬಂತು."

"ಕಾಕಾ, ನಿಮ್ಮ ಹೆಸರ ಹಾಕಿ ಒಮ್ಮೆ ನೋಡೂಣು ರೀ," ಎಂದೆ.

"ನಾಳೆ ಮುಂಜಾನೆ ನೋಡೂಣು ತಗೋ. ಏನ ಮಹಾ ಬದಲ ಮಾಡೇವಿ? ಒಂದ ತುಂಡ ಸೇರಸೇವಿ, ಅಷ್ಟ."

ಹಾಕಿದರು. ಡಬ್ಬಿ ಬಿಚ್ಚಿದರು. ನಾನು ರೇನ್‌ಕೋಟ್ ಏರಿಸಿಕೊಂಡು ಬಾಗಿಲು ಧಡ್ ಅನ್ನಿಸಿ ಇಳಿದು ಹೋದೆ.

ಮರುದಿನ ಆ ಪರೀಕ್ಷೆ ಆಗಲೇ ಇಲ್ಲ. ಸೋಮವಾರ ಮುಂಜಾನೆ ಮತ್ತೆ ರೋಜಿ ಸಿಸ್ಟರ್ ಫೋನು. ಯಾವತ್ತೂ ಗಟ್ಟಿಯಾಗಿ ಮಾತಾಡದ ಹೆಣ್ಣುಮಗಳು, ಆ ದಿನ ಕೂಗಿದಳು. "ನೀವ ಏನ ಕಳಿಸೀರಿ ಶಾಂತಾ ಮಾವಶಿ ಫೋನಿಗೆ? ಶುಕ್ರವಾರ ಆಕಿ ಪಾಳಿ ಇತ್ತು. ಸೋಮವಾರಕ್ಕ ಹೋಗೇತಿ ಅಂತ ನಿಮ್ಮ ಮೆಸೇಜ್ ಬಂದೈತಿ. ನಿನ್ನಿ ದಮ್ಮ ಹತ್ತಿ ಬಿದ್ದಾಳ, ಬೆಳಗಾಂವಿಗೆ ಒಯ್ದಾರ. ಉಳಿತಾಳೋ ಇಲ್ಲೋ ಗೊತ್ತಿಲ್ಲ."

ಅಲ್ಲಿ ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಶಾಂತಾಬಾಯಿ ಪಾರಿಶ್ವಾಡದವರು. ಮನೆಯ ಮುಂದಿನ ಖೋಲಿಯಲ್ಲಿ ಬಳೆ ಅಂಗಡಿ ಇಟ್ಟುಕೊಂಡವರು. ನಾನು ಅವರನ್ನು ನೋಡಿದ್ದೆ, ಒಂದೆರಡು ಸಲ ಪಡಸಾಲೆಯಲ್ಲಿ ನನ್ನ ಕೈ ಹಿಡಿದು ಬಳೆಯ ಅಳತೆ ನೋಡಿದ್ದರು. ಕಾಕಾ ಮೊದಲು ಅಂದದ್ದು, "ನೆಟ್‌ವರ್ಕ್ ಇರಬೇಕು." ನಾನು ಆಗ ಬಾಯಿಗೆ ಬಂದದ್ದು ಅಂದೆ. ಏನೆಂದೆ ಎಂದು ಬರೆಯುವುದಿಲ್ಲ, ಹಿರಿಯರಿಗೆ ಅನ್ನುವಂಥ ಮಾತಲ್ಲ. ಅವರ ಕುರ್ಚಿಯನ್ನು ನನ್ನ ಕಂಪ್ಯೂಟರಿನ ಮುಂದೆ ಎಳೆದು, ಆ ಫೈಲಿನ ಮಾಫಿಗಳನ್ನೆಲ್ಲ ಅಳಿಸಿ, ಚೆಕ್ಕರ್ ಓಡಿಸಿದೆ. ಕೆಂಪು ಅಕ್ಷರದಲ್ಲಿ ಮೊದಲು ಬಂದದ್ದೇ ಆ ಸಾಲು.

ಕಾಕಾ ಎಷ್ಟೋ ವರ್ಷದ ಹಿಂದೆ ಬರೆದದ್ದು. ಮೊದಲು ‘ಬದಲಿಸು’ ಎಂಬ ಕೆಲಸ, ಆಮೇಲೆ ಅದನ್ನು ಮಾಡಬೇಕಾದ ರೋಗಿಯ ದಾಖಲೆಯ ಹೆಸರು. ರೋಗಿ ಫೋನ್ ನಂಬರ್ ಬದಲಿಸಿದರೆ ಆ ದಾಖಲೆ ತನ್ನನ್ನು ತಾನು ತಿದ್ದಿಕೊಳ್ಳಲಿ ಎಂದು ಇಟ್ಟ ಸಾಲು ಅದು. ಇಷ್ಟು ವರ್ಷ ಕಂಪ್ಯೂಟರಿನ ಊಹೆ ಸರಿಯಿತ್ತು. ಗುರುವಾರ ಸಂಜೆ ಅದೇ ಫೈಲಿನಲ್ಲಿ ಪಾಳಿಯ ದಿನ ಬದಲಿಸುವ ಪ್ರವೀಣನ ‘ಬದಲಿಸು’ ಬಂದು ಕೂತಿತು. ಕಂಪ್ಯೂಟರ್ ಆಸುಪಾಸು ನೋಡಿತು, ಓಹೋ ಇವರು ಕರೆಯುತ್ತಿರುವುದು ಈ ಹೊಸ ಕೆಲಸವನ್ನೇ ಅಂದುಕೊಂಡಿತು. ಅದೇ ಸಂಜೆ ಶಾಂತಾಬಾಯಿ ಆಸ್ಪತ್ರೆಗೆ ಫೋನ್ ಮಾಡಿ ತಮ್ಮ ಹೊಸ ನಂಬರ್ ಕೊಟ್ಟಿದ್ದರು. ಯಾಕೆ? ಮೆಸೇಜ್ ತಪ್ಪಬಾರದೆಂದು! ಸಿಸ್ಟರ್ ನಂಬರ್ ತಿದ್ದಿದರು, ನಮ್ಮ ಪ್ರೋಗ್ರಾಮು ಅವರ ಪಾಳಿಯನ್ನೇ ಎತ್ತಿ ಮುಂದೆ ಹಾಕಿ, ಆ ಹೊಸ ನಂಬರಿಗೆ ಮೆಸೇಜ್ ಕಳಿಸಿತು. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಮಾತ್ರ ಶುಕ್ರವಾರವೇ ಇತ್ತು. ಶುಕ್ರವಾರ ಬಾರದಿದ್ದಾಗ, ಮಳೆಗೆ ಬಸ್ಸು ಬಂದಿರಲಿಕ್ಕಿಲ್ಲ ಎಂದು ಸಿಸ್ಟರ್, ಹೊಸ ನಂಬರ್ ಬಂದದ್ದನ್ನು ಗದ್ದಲದಲ್ಲಿ ಮರೆತು, ಆ ಪಟ್ಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದ್ದರು. ಅದು ಹಳೆಯ ನಂಬರು, ಬಂದ್ ಆಗಿತ್ತು.

ಕಾಕಾ ಆ ಸಾಲನ್ನು ನೋಡುತ್ತ ಕೂತರು. ಕೊನೆಯಲ್ಲಿ ತಾವೇ ಹಾಕಿದ ಮಾಫಿ ಇದ್ದ ಜಾಗದ ಮೇಲೆ ಬೆರಳಿಟ್ಟರು. "ಜೂನ್‌ದಾಗ ತೋರಿಸಿತ್ತಲ್ಲ ಇದು," ಎಂದರು. ನಾನು ಹೌದೆಂದೆ. ಪ್ರವೀಣ ಮುಖ ಮುಚ್ಚಿಕೊಂಡು ಕೂತಿದ್ದ. ನಾನು ಹೇಳಿದ್ದೇ ಸರಿಯಾಯಿತು ಎಂಬ ಸಮಾಧಾನ ಒಂದು ಚೂರೂ ಆಗಲಿಲ್ಲ. ಎರಡೂವರೆ ತಿಂಗಳು ಗಂಟಲು ಹರಿದುಕೊಂಡದ್ದು ಒಂದು ಸಾಲಿನ ಹಣೆಬರಹವನ್ನೂ ಬದಲಿಸಲಿಲ್ಲವಲ್ಲ! ಹಿಂದಿನ ಖೋಲಿಗೆ ಹೋಗಿ ಅತ್ತೆ. ಕೆಳಗೆ ಗಿರಣಿ ತನ್ನ ಪಾಡಿಗೆ ತಿರುಗುತ್ತಿತ್ತು.

ಶಾಂತಾಬಾಯಿ ಉಳಿದರು. ಆ ವಾರ ಪೂರ್ತಿ ನಾವು ಮೂವರೂ ಫೋನು ಬಡಿದರೆ ಬೆಚ್ಚುತ್ತಿದ್ದೆವು. ಖಾನಾಪುರಕ್ಕೆ ಮರಳಿ ಬಂದ ಮೇಲೆ ಅವರ ಮೊದಲ ಪಾಳಿಯ ದಿನ ಕಾಕಾ ನನ್ನನ್ನು ಕರೆದುಕೊಂಡು ಹೊರಟರು. ದಾರಿಯುದ್ದಕ್ಕೂ ಮಳೆ, ಮಲಪ್ರಭಾ ದಂಡೆ ಮೀರಿ ಹರಿಯುತ್ತಿತ್ತು. ಶಾಂತಾಬಾಯಿ ಯಂತ್ರದ ಪಕ್ಕ ಮಲಗಿದ್ದರು. ಮುಖ ಬಾತಿತ್ತು.

"ಮೆಸೇಜ್ ಕಳಿಸಿದಾಂವ ನಾನರೀ," ಎಂದರು ಕಾಕಾ. "ತಪ್ಪ ನಂದು. ಮಶೀನಿಂದಲ್ಲ, ಇವರದೂ ಅಲ್ಲ."

ಶಾಂತಾಬಾಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಶುಕ್ರವಾರ ಮುಂಜಾನೇನ ಕಾಲ ಬಾತಿದ್ವು ಸಾಹೇಬ್ರ," ಎಂದರು. "ನನ್ನ ಮೈ ಹೇಳತಿತ್ತು, ಇವತ್ತ ಹೋಗಬೇಕು ನೀ ಅಂತ. ಸೀರಿ ಉಟ್ಟ ತಯಾರ ಆಗಿದ್ನಿ. ಮತ್ತ ಫೋನ್ ತಗದ ನೋಡಿದ್ನಿ, ಸೋಮವಾರ ಅಂತ ಇತ್ತು. ದೊಡ್ಡ ದವಾಖಾನ್ಯಾಗಿಂದ ಬಂದದ್ದು, ಸುಳ್ಳ ಹೇಳತೈತೇನ? ಸೀರಿ ಬಿಚ್ಚಿ ಇಟ್ನಿ. ನನ್ನ ಮೈ ಮಾತ ಬಿಟ್ಟ ಫೋನಿನ ಮಾತ ಕೇಳಿದ್ನಿ ನೋಡ್ರಿ. ಹೊರಗ ಇಷ್ಟ ನೀರ ಸುರ್ಯಾಕತ್ತೇತಿ, ನಾ ಒಂದ ಅರ್ಧಾ ಗ್ಲಾಸ ಕುಡಿಯಾಕೂ ಅಂಜಿ ಕುಂತಿದ್ನಿ, ಸೋಮವಾರ ತನಕಾ ಹ್ಯಾಂಗರ ಮಾಡಿ ತಡದೇನು ಅಂತ."

ಕಾಕಾ ಅಲ್ಲಿಯೇ ಸ್ಟೂಲಿನ ಮೇಲೆ ಕೂತುಬಿಟ್ಟರು. ಅವರ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಮೊದಲು. ನನಗೂ ಅಳು ಬಂತು, ಅದರ ಜೊತೆಗೇ ಸಿಟ್ಟೂ ಬಂತು. ಈ ನೀರು ಜೂನಿನಲ್ಲಿ ಯಾಕೆ ಬರಲಿಲ್ಲ ಎಂಬ ಸಿಟ್ಟು.

ಮರುದಿನದಿಂದ ಅವರು ಮಾಫಿ ತೆಗೆಯಲು ಕೂತರು. ಪ್ರವೀಣ ಮಾಡುತ್ತೇನೆಂದರೂ ಬಿಡಲಿಲ್ಲ, ನನಗೂ ಬಿಡಲಿಲ್ಲ. ಒಂದೊಂದು ಸಾಲನ್ನೂ ತಿರುಗಿಸಿ, ಹೆಸರು ಮೊದಲು, ಕೆಲಸ ಆಮೇಲೆ ಎಂದು ಬರೆದರು. ಹಾಕುವ ಕೆಲಸ ಮುಂಜಾನೆಗೆ ಬಂತು, ಅವರ ಹೆಸರಿನ ಪರೀಕ್ಷೆ ಆಗದೆ ಯಾರೂ ಚಹಾಕ್ಕೂ ಏಳುವಂತಿಲ್ಲ. ದೀಪಾವಳಿ ಹೊತ್ತಿಗೆ ಒಂದು ದಿನ ಚೆಕ್ಕರ್ ಓಡಿಸಿದರೆ ಸ್ಕ್ರೀನು ಖಾಲಿ, ಒಂದೂ ಕೆಂಪು ಸಾಲಿಲ್ಲ. ಪ್ರವೀಣ ಸಾಸೂಬಾಯಿ ಎಂದು ಕರೆಯುವುದನ್ನು ಯಾವಾಗಲೋ ಬಿಟ್ಟಿದ್ದ. ಯಾರೂ ಪೇಢೆ ತರಲಿಲ್ಲ. ಇಷ್ಟು ಕೆಲಸ ಜೂನಿನಲ್ಲೇ ಆಗಬಹುದಿತ್ತು ಎಂದು ಮೂವರಿಗೂ ಗೊತ್ತಿತ್ತು.

ಆಮೇಲೆ ಇವತ್ತಿನವರೆಗೆ ಒಂದು ಮೆಸೇಜೂ ತಪ್ಪಿಲ್ಲ. ಮೊನ್ನೆ ನಾನು ಖಾನಾಪುರಕ್ಕೆ ಹೋದದ್ದು ಹೊಸ ಯಂತ್ರ ಬಂದಿದೆ, ಅದನ್ನೂ ಪಾಳಿಗೆ ಸೇರಿಸಿಕೊಡಿ ಎಂದು ಕರೆದದ್ದಕ್ಕೆ. ಕೆಲಸ ಮುಗಿಸಿ ಮಳೆ ನಿಲ್ಲಲೆಂದು ಪಡಸಾಲೆಯಲ್ಲಿ ನಿಂತಿದ್ದೆ. ಯಾರೋ ಸೆರಗು ಹಿಡಿದು ಎಳೆದರು.

"ಏ, ಸದಾಶಿವನಗರದಾಕಿ ಅಲ್ಲೇನ ನೀ? ಕುಂದರ ಬಾ ಬಾಜೂಕ." ಶಾಂತಾಬಾಯಿ. ಪಾಳಿ ಮುಗಿಸಿ ಬಂದು ಬೆಂಚಿನ ಮೇಲೆ ಸುಧಾರಿಸಿಕೊಳ್ಳುತ್ತಿದ್ದರು. ನನ್ನ ಮುಂಗೈ ಹಿಡಿದು, "ಏನವಾ, ಖಾಲಿ ಕೈ? ಪಾರಿಶ್ವಾಡಕ್ಕ ಬಾ, ಕೈ ತುಂಬ ಬಳಿ ಇಡಸ್ತೇನಿ," ಎಂದು ನಕ್ಕರು. ಅಷ್ಟರಲ್ಲಿ ಅವರ ಚೀಲದಲ್ಲಿ ಫೋನು ಟಿಣ್ ಎಂದಿತು. ತೆಗೆದು ನನ್ನ ಕೈಗೆ ಕೊಟ್ಟರು. "ಏನ ಬರದಾರ ನೋಡ, ಕನ್ನಡಕ ಮನ್ಯಾಗ ಬಿಟ್ಟ ಬಂದೇನಿ."

ನಮ್ಮದೇ ಮೆಸೇಜು. ಕಾಕಾ ತಿರುಗಿಸಿ ಬರೆದ ಸಾಲಿನಿಂದ ಬಂದದ್ದು. ಎಷ್ಟು ಸಲ ಬೇಕಾದರೂ ಪರೀಕ್ಷೆ ಮಾಡಿ, ಅದಕ್ಕೆ ಈಗ ಒಂದೇ ಅರ್ಥ. ಒಂದು ವರ್ಷದಲ್ಲಿ ಮೊದಲ ಸಲ ಎದೆ ಹಗುರಾಗಿ, ಓದಿದೆ. "ನಿಮ್ಮ ಮುಂದಿನ ಪಾಳಿ ಶುಕ್ರವಾರ ಮುಂಜಾನೆ ಐತಿ ರೀ ಮಾವಶಿ."

"ಹೌದ?" ಎಂದರು. ಫೋನು ನನ್ನ ಕೈಯಲ್ಲೇ ಬಿಟ್ಟು, ಗೋಡೆ ಹಿಡಿದು ನಿಧಾನಕ್ಕೆ ಎದ್ದರು. ಒಂದೊಂದೇ ಹೆಜ್ಜೆ ಹಾಕುತ್ತ ಪಡಸಾಲೆ ದಾಟಿ ರೋಜಿ ಸಿಸ್ಟರ್ ಕೂರುವ ಕಿಟಕಿಯವರೆಗೆ ಹೋದರು. "ಸಿಸ್ಟರ್, ಮುಂದಿಂದು ನಂದ ಶುಕ್ರವಾರನ ಹೌದಲ್ಲ? ಒಮ್ಮಿ ನೋಡಿ ಹೇಳರಿ." ಸಿಸ್ಟರ್ ತಲೆ ಎತ್ತದೆ, ಪ್ರತಿ ಸಲ ಹೇಳಿ ರೂಢಿಯಾದವರಂತೆ, "ಹೌದ ಮಾವಶಿ, ಶುಕ್ರವಾರನ" ಎಂದರು.

ಶಾಂತಾಬಾಯಿ ಅಷ್ಟೇ ನಿಧಾನಕ್ಕೆ ಮರಳಿ ಬಂದು ನನ್ನ ಪಕ್ಕ ಕೂತರು. ಈಗ ಅವರ ಮುಖದಲ್ಲಿ ನಿರಾಳ ಇತ್ತು.

"ಶುಕ್ರವಾರಂತವಾ," ಎಂದು ನನಗೆ ಹೇಳಿ, ನನ್ನ ಕೈಯಿಂದ ಫೋನು ತೆಗೆದು ಚೀಲದೊಳಗೆ ಹಾಕಿಕೊಂಡರು.